ಎತ್ತಲು ಬರುವಷ್ಟು ಭಾರ

ಜೋಳದ ಹಿಟ್ಟು ಸಾಣಿಸುತ್ತಿದ್ದಾಗ ಫೋನು ಬಂತು. ಎರಡೂ ಕೈ ಹಿಟ್ಟಾಗಿತ್ತು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಸೊಸೆ ರೇಣುಕಾ. ಅವಳ ಮಾತಿನ ಹಿಂದೆ ನೀರು ಹರಿಯುವ ಸದ್ದು.

"ಅತ್ತ್ಯಾರ, ಹಳ್ಳದಾಗ ಬಿದ್ದಿದ್ನಿ. ಗಾಡಿ ಎತ್ತಿ ನಿಲ್ಸೇನಿ. ಏನೂ ಆಗಿಲ್ಲ. ಬರೂದು ತಡಾ ಆಗತೈತಿ, ಅಷ್ಟ."

"ಮೈಯೆಲ್ಲ ತೊಯ್ದೈತೇನು?"

"ಸೊಂಟದ ತನಕ."

"ಹೂಂ, ಸಾವಕಾಶ ಬಾ," ಎಂದೆ. ಅವಳು ಫೋನಿಟ್ಟಳು. ನಾನು ಉಳಿದ ಹಿಟ್ಟು ಸಾಣಿಸಿ ಮುಗಿಸಿದೆ.

ಸೊಸೆ ಹಳ್ಳದಲ್ಲಿ ಬಿದ್ದೆನೆಂದು ಹೇಳುವಾಗ ಹಿಟ್ಟು ಸಾಣಿಸುತ್ತ ಕೂರುವ ಈ ಅತ್ತೆ ಎಂಥವಳು ಎಂದು ನಿಮಗೆ ಅನಿಸಿದರೆ ತಪ್ಪಿಲ್ಲ. ಕೆಲವು ವರ್ಷಗಳ ಹಿಂದೆ ನನಗೂ ಹಾಗೇ ಅನಿಸುತ್ತಿತ್ತು. ಆಗ ನಾನು ಅವಳು ಗೇಟು ದಾಟಿದ ಕೂಡಲೇ ದೇವರ ಮುಂದೆ ಕೂತು, ಗಾಡಿಯ ಸದ್ದು ಓಣಿಯ ತಿರುವಿನಲ್ಲಿ ಕರಗಿ ಬಹಳ ಹೊತ್ತಾದರೂ ಏಳದವಳು.

ರೇಣುಕಾ ಜೋಯಿಡಾದಿಂದ ಮುಂದೆ, ಕಾಡಿನೊಳಗಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ನನ್ನ ಮಗನಿಗೆ ಕ್ಯಾಸಲ್‌ರಾಕ್‌ನಲ್ಲಿ ರೈಲು ಹಳಿ ನೋಡಿಕೊಳ್ಳುವ ಕೆಲಸ, ರಜೆ ಸಿಕ್ಕಾಗ ಮನೆ. ಹೀಗಾಗಿ ದಾಂಡೇಲಿಯ ಈ ಮನೆಯಲ್ಲಿ ದಿನವೂ ಉಣ್ಣುವವರು ನಾನು, ನಮ್ಮ ಮನೆಯವರು, ಸೊಸೆ. ಅವಳ ಕೇಂದ್ರದ ತನಕ ಡಾಂಬರು ಇದೆ. ಅಲ್ಲಿಂದ ಆಚೆ, ನಾಲ್ಕಾರು ಮನೆಗಳಷ್ಟೇ ಇರುವ ಸಣ್ಣ ಸಣ್ಣ ಊರುಗಳಿಗೆ ಕೆಂಪು ಮಣ್ಣಿನ ಹಾದಿ, ನಡುನಡುವೆ ಹಳ್ಳ. ಲಸಿಕೆಯ ಡಬ್ಬಿ ಕಟ್ಟಿಕೊಂಡು ಅಲ್ಲಿಗೆಲ್ಲ ಹೋಗಬೇಕು. ಮೊದಲು ಸ್ಕೂಟಿ ಇತ್ತು. ಅದರ ಗಾಲಿ ನಮ್ಮ ರೊಟ್ಟಿ ತಟ್ಟುವ ಪರಾತಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಳೆಗಾಲದಲ್ಲಿ ಅವಳು ಸ್ಕೂಟಿಯನ್ನು ಓಡಿಸಿದ್ದಕ್ಕಿಂತ ನೂಕಿದ್ದೇ ಹೆಚ್ಚು. ಕಡೆಗೆ ಅವಳೇ ನೋಡಿ, ವಿಚಾರಿಸಿ, ಮಣ್ಣಿನ ಹಾದಿಗೂ ರಸ್ತೆಗೂ ಆಗುವಂಥ ಒಂದು ಮೋಟರ್‌ಸೈಕಲ್ ತಂದಳು.

ಅದು ಅಂಗಳಕ್ಕೆ ಬಂದ ದಿನ ನಮ್ಮ ಮನೆಯವರು ಸುತ್ತ ತಿರುಗಿ ನೋಡಿದರು. ಸೀಟು ನನ್ನ ಎದೆಯ ಮಟ್ಟಕ್ಕೆ. ಮುಂದಿನ ಗಾಲಿ ಎತ್ತರ, ತೆಳುವು, ಕಡ್ಡಿಕಡ್ಡಿ. ಮಡ್‌ಗಾರ್ಡು ಗಾಲಿಯಿಂದ ಒಂದು ಗೇಣು ಮೇಲೆ, ನೆಗಡಿ ಬಂದವರು ಮೂಗು ಎತ್ತಿದ ಹಾಗೆ.

"ಇದೇನ ರೇಣವ್ವಾ, ಒಂಟೆ ತಂದೀ? ಮೈಮ್ಯಾಲೆ ಒಂದ ತಗಡ ಇಲ್ಲ. ಬರೇ ಎಲುಬು."

"ಹಗುರ ಇರಲಿ ಅಂತನ ತೊಗೊಂಡೇನ್ರಿ, ಮಾವಾರ."

ಹಗುರ ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಫಿಟ್ಟರ್ ಆಗಿದ್ದವರು. ವಸ್ತುವನ್ನು ಕೈಯಲ್ಲಿ ತೂಗಿ ನೋಡಿ, ಭಾರ ಇದ್ದರೆ ಚಲೋ, ಇಲ್ಲದಿದ್ದರೆ ಕಂಪನಿಯವನು ಕಬ್ಬಿಣ ಉಳಿಸಿದ್ದಾನೆ ಎನ್ನುವ ಜಾತಿ. ನಮ್ಮ ಮನೆಯ ಲಟ್ಟಣಿಗೆಯನ್ನೂ ಹಾಗೇ ಆರಿಸಿ ತಂದಿದ್ದಾರೆ. ಚಪಾತಿ ಮಾಡಿದ ದಿನ ರಾತ್ರಿ ನನಗೆ ರಟ್ಟೆ ನೋವು.

ನಾನು ಗಾಡಿಯ ದೀಪದ ಮೇಲೆ ವಿಭೂತಿ ಎಳೆದೆ, ಗಾಲಿಗೆ ನಿಂಬೆಹಣ್ಣು ಇಟ್ಟೆ. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಮ್ಮ ಕಡೆ ಹೆಣ್ಣುಮಗಳು ಮನೆಯಿಂದ ಹೊರಟರೆ ಬರಿಗೈಯಲ್ಲಿ ಕಳಿಸುವುದಿಲ್ಲ ನೋಡಿ, ಉಡಿ ತುಂಬುತ್ತೇವೆ. ಅಕ್ಕಿ, ಕೊಬ್ಬರಿ, ಕುಬಸದ ಬಟ್ಟೆ, ಕೈಗೆ ಸಿಕ್ಕಿದ ಒಂದಿಷ್ಟು. ತುಂಬುವವರು ಕೈ ಬಿಗಿ ಹಿಡಿಯಬಾರದು, ತುಂಬಿಸಿಕೊಳ್ಳುವವಳು ಸಾಕು ಎನ್ನಬಾರದು. ಆ ಮಳೆಗಾಲಕ್ಕೆ ಮುಂಚೆ ನಾವೆಲ್ಲ ಸೇರಿ ಆ ಮೋಟರ್‌ಸೈಕಲ್ಲಿಗೆ ಉಡಿ ತುಂಬಿದೆವು.

ಮನೆಯವರು ಹಳಿಯಾಳದ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ದಿನ ಕೂತು ದಪ್ಪ ಪೈಪಿನ ಗಾರ್ಡು ಮಾಡಿಸಿ ತಂದರು. ಅದಕ್ಕೆ ಎಮ್ಮೆ ಕಟ್ಟಬಹುದಿತ್ತು. ಸಾಂಬ್ರಾಣಿ ಎಂಬ ಊರಿನಿಂದ ನನ್ನ ತಮ್ಮ ಬಂದ, ಗಾಡಿ ನೋಡಿ, "ಸಾಮಾನ ಇಡಾಕ ಜಾಗಾನ ಇಲ್ಲಲ್ಲ ಅಕ್ಕಾ," ಎಂದು ಮರುಕಪಟ್ಟು, ಮುಂದಿನ ವಾರ ಎರಡು ಕಬ್ಬಿಣದ ಪೆಟ್ಟಿಗೆ ಕಳಿಸಿದ. ಟ್ರ್ಯಾಕ್ಟರಿಗೆ ಆಗುವಂಥವು. ಹಿಂದಿನ ಗಾಲಿಗೆ ಸೀರೆ ಸಿಗದ ಹಾಗೆ ಜಾಳಿಗೆ ಹಾಕಿಸಿದ್ದು ನನ್ನ ಹಟ. ರೇಣುಕಾ ಸೀರೆ ಉಟ್ಟು ಗಾಡಿ ಹತ್ತುವುದಿಲ್ಲ. ನಾನು ಹಿಂದೆ ಕೂತು ಉಳವಿಯ ಜಾತ್ರೆಗೆ ಹೋಗಿ ಬರಬಹುದೆಂದು ಒಳಗೊಳಗೇ ಆಸೆ. ಆ ಸೀಟಿಗೆ ಹತ್ತಲು ನನಗೆ ಏಣಿ ಬೇಕು ಎಂಬುದು ಜಾಳಿಗೆ ಹಾಕಿಸಿದ ಮೇಲೆ ತಿಳಿಯಿತು.

ಇನ್ನು ಪೆಟ್ಟಿಗೆ ಬಂದ ಮೇಲೆ ಖಾಲಿ ಬಿಡುವುದು ಹೇಗೆ. ನಾಲ್ಕು ಅಂತಸ್ತಿನ ಊಟದ ಡಬ್ಬಿ, ನೀರಿನ ಕ್ಯಾನು, ಚಾದರ, ಒಂದು ಜೊತೆ ಚಪ್ಪಲಿ, ವಿಭೂತಿ ಗಟ್ಟಿ, ತೆಂಗಿನಕಾಯಿ.

"ಅತ್ತ್ಯಾರ, ನಾ ಡ್ಯೂಟಿಗೆ ಹೊಂಟೇನ್ರಿ, ತವರಮನಿಗಲ್ಲ," ಎಂದಳು ರೇಣುಕಾ, ನಗುತ್ತಲೇ. ಸಾಕು ಎನ್ನಲಿಲ್ಲ. ರೂಢಿ ಅವಳಿಗೂ ಗೊತ್ತಲ್ಲ.

ಗಣೇಶ ಚೌತಿ ಮುಗಿದ ವಾರ ಅಂಗನವಾಡಿಯ ಟೀಚರಮ್ಮನಿಂದ ಫೋನು ಬಂತು. ನಿಮ್ಮ ಸೊಸೆ ಹಳ್ಳದಲ್ಲಿ ಬಿದ್ದಿದ್ದಾರೆ, ಕಾಲು ಗಾಡಿಯ ಕೆಳಗೆ ಸಿಕ್ಕಿತ್ತು, ಈಗ ಹೊರಗೆ ತೆಗೆದಿದ್ದೇವೆ ಎಂದು. ಮನೆಯವರು ಜೀಪು ಮಾಡಿಕೊಂಡು ಹೋಗಿ ಕರೆತಂದರು. ಏನಾಯಿತೆಂದು ಅವಳೇ ಕಾಲು ದಿಂಬಿನ ಮೇಲಿಟ್ಟುಕೊಂಡು ಹೇಳಿದಳು. ಹಳ್ಳದಲ್ಲಿ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಕಲ್ಲು ಜಾರಿತು, ಗಾಡಿ ಮೆಲ್ಲಗೆ ವಾಲಿತು. ಮೆಲ್ಲಗೆ ವಾಲಿದರೂ ಅವಳ ಕೈಗೆ ನಿಲ್ಲಲಿಲ್ಲ. ಪೆಟ್ಟಿಗೆ ಬಂದು ಕಾಲಿನ ಮೇಲೆ ಕೂತಿತು. ಎಳೆದರೆ ಬರದು, ಎತ್ತಿದರೆ ಏಳದು. ಹಾದಿಯಲ್ಲಿ ಯಾರೂ ಇಲ್ಲ, ಫೋನು ಪೆಟ್ಟಿಗೆಯೊಳಗೆ. ಲಸಿಕೆಯ ಡಬ್ಬಿಯನ್ನು ಹಗ್ಗ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ನೀರಿನಲ್ಲಿ ಕೂತಳಂತೆ, ಮಗುವನ್ನು ಕೂರಿಸಿಕೊಂಡ ಹಾಗೆ.

ಬಹಳ ಹೊತ್ತಿನ ಮೇಲೆ ಕಟ್ಟಿಗೆ ಹೊರೆ ಹೊತ್ತ ಒಬ್ಬ ಹೆಂಗಸು ಬಂದಳು. ಕೊಂಕಣಿಯವಳು. ಹೊರೆ ಇಳಿಸಿ ಕೈ ಹಾಕಿದಳು. ಇಬ್ಬರಿಂದಲೂ ಆಗಲಿಲ್ಲ. "ಖೂಬ್ ಜಡ್ ಗೋ ಬಾಯ್," ಎಂದಳಂತೆ. ಬಹಳ ಭಾರ ಇದೆಯಮ್ಮ ಎಂದು. ಆಮೇಲೆ ಆ ತಾಯಿ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಅಂಗನವಾಡಿಗೆ ಮುಟ್ಟಿಸಿ, ಅಲ್ಲಿಂದ ಗಂಡಸರನ್ನು ಕರೆತಂದಳು.

ನಾನು ಕಾಲಿಗೆ ಅರಿಸಿನ ಹಚ್ಚುತ್ತ ಒಂದೊಂದೇ ಲೆಕ್ಕ ಹಾಕಿದೆ. ನೀರು ಏರಲಿಲ್ಲ. ಎಲುಬು ಮುರಿಯಲಿಲ್ಲ. ಬಿಸಿ ಸೈಲೆನ್ಸರು ಇನ್ನೊಂದು ಮಗ್ಗುಲಿಗೆ ಇತ್ತು. ಹೆಸರೂ ಗೊತ್ತಿಲ್ಲದ ಒಬ್ಬಾಕೆ ಆ ಹೊತ್ತಿಗೆ ಆ ಹಾದಿಯಲ್ಲೇ ಬಂದಳು. ಶಿವ ಇಷ್ಟು ಕೊಟ್ಟಿದ್ದಾನೆ ಎಂದೆ.

ಮನೆಯವರು ಲೆಕ್ಕ ಹಾಕಲಿಲ್ಲ. "ಸಾಕಿನ್ನ. ಹಳಿಯಾಳಕ್ಕ ವರ್ಗಾ ಕೇಳಿ ಅರ್ಜಿ ಕೊಟ್ಟಬಿಡು. ಬಸ್ಸಿನ್ಯಾಗ ಹೋಗಿ ಬಸ್ಸಿನ್ಯಾಗ ಬರೂವಂತಿ."

ರೇಣುಕಾಗೆ ಆ ಕೇಂದ್ರ ಬಿಡುವ ಮನಸ್ಸಿರಲಿಲ್ಲ. ಅವಳು ಬರುವ ಮುಂಚೆ ಅದು ಬಹಳ ಕಾಲ ಬೀಗ ಹಾಕಿಕೊಂಡೇ ಇತ್ತು. ಆ ಊರುಗಳ ಬಸುರಿಯರು ಇವಳ ಗಾಡಿಯ ಸದ್ದು ಗುರುತು ಹಿಡಿದು ಅಂಗಳಕ್ಕೆ ಬರುತ್ತಾರೆ ಎಂದು ಹೇಳುತ್ತಿದ್ದಳು. ಮಾವನ ಎದುರು ವಾದ ಮಾಡುವ ಹುಡುಗಿಯಲ್ಲ ಅವಳು. ದಿಂಬಿನ ಮೇಲಿನ ಕಾಲು ಸರಿಸಿ ನೆಟ್ಟಗೆ ಕೂತು ಹೇಳಿದಳು.

"ಮಾವಾರ, ಒಂದ ಮಾತ್ರೀ. ಬಿದ್ದ ಗಾಡಿ ನನಗೊಬ್ಬಾಕಿಗೇ ಎತ್ತಾಕ ಬಂದ್ರ ಅಲ್ಲೇ ಇರತೇನಿ. ಬರಲಿಲ್ಲಂದ್ರ ಅರ್ಜಿ ಬರದ ಕೊಡತೇನಿ. ಮತ್ತ ಮಾತಾಡೂದಿಲ್ಲ."

"ಆಗಲಿ," ಎಂದರು ಇವರು, ಗೆದ್ದವರ ಹಾಗೆ.

ಬಾವು ಇಳಿದ ಮೇಲೆ ಒಂದು ಸೋಮವಾರ, ಬಂಗೂರನಗರದ ಕಡೆಗಿನ ಖಾಲಿ ಮೈದಾನಕ್ಕೆ ಮೂವರೂ ಹೋದೆವು. ಪೂಜೆ ಮಾಡಿದ ಗಾಡಿಯನ್ನು ಬೇಕೆಂದೇ ನೆಲಕ್ಕೆ ಕೆಡವುವುದು ನನಗೆ ಸರಿ ಕಾಣಲಿಲ್ಲ. ಮುಖ ತಿರುಗಿಸಿ ಕೈ ಮುಗಿದೆ. ಇವರೇ ಹಿಡಿದು ಮಲಗಿಸಿದರು. ರೇಣುಕಾ ಎತ್ತಿದಳು. ಒಂದು ಮೊಳ ಮೇಲಕ್ಕೆ ಬಂತು, ಪೆಟ್ಟಿಗೆಯ ಭಾರಕ್ಕೆ ಹಿಂದಕ್ಕೆ ಬಿತ್ತು. ಮತ್ತೆ ಎತ್ತಿದಳು, ಮತ್ತೆ ಬಿತ್ತು. ಕುತ್ತಿಗೆಯ ನರ ಎದ್ದಿತ್ತು.

"ಆತಲ್ಲ," ಎಂದರು ಇವರು. "ಅರ್ಜಿ ಬರಿ."

"ತಡೀರಿ. ಪಾನಾ ಕೊಡ್ರಿ."

ಪಾನಾ ತೆಗೆದುಕೊಂಡು ಅವಳು ಪೆಟ್ಟಿಗೆಯ ಬೋಲ್ಟಿಗೆ ಹಾಕಿದಳು. ಪಾನಾ ಜಾರಿತು. ಮತ್ತೆ ಹಾಕಿದಳು, ಮತ್ತೆ ಜಾರಿತು. ಇವರು ಕೈ ಕಟ್ಟಿ ನಿಂತಿದ್ದರು. ಫಿಟ್ಟರ್ ಆದವನ ಎದುರು ಯಾರಾದರೂ ಬೋಲ್ಟಿನ ಮೂಲೆ ಸವೆಸಿದರೆ ಎಷ್ಟು ಹೊತ್ತು ಸಹಿಸಿಯಾನು?

"ತಾ ಇಲ್ಲೆ. ಬೋಲ್ಟಿನ ತಲೀನ ತಿಂತೀ ನೀ," ಎಂದು ಕಸಿದುಕೊಂಡು ಕುಕ್ಕರುಗಾಲಿನಲ್ಲಿ ಕೂತರು. ಪೆಟ್ಟಿಗೆ ಬಿಚ್ಚಿದರು. ಜಾಳಿಗೆ ಬಿಚ್ಚಿದರು. ತಾವೇ ಮಾಡಿಸಿದ ಗಾರ್ಡಿನ ಹತ್ತಿರ ಬಂದಾಗ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅದನ್ನೂ ಬಿಚ್ಚಿದರು. ಪೆಟ್ಟಿಗೆಯೊಳಗಿನದನ್ನೆಲ್ಲ ನಾನು ಹೊರಗೆ ತೆಗೆದೆ. ತೆಂಗಿನಕಾಯಿ ಬಂತು.

"ಇದನ್ನೂ ಹೊತಗೊಂಡ ಅಡ್ಯಾಡತಿದ್ಲೇನು?"

"ಉಡಿಯಾಗಿನದು ತೆಗೀಬಾರದಂತ ಬಿಟ್ಟಿದ್ಲು," ಎಂದೆ.

ನಾನು ಸಣ್ಣವಳಿದ್ದಾಗ ಉಳವಿಗೆ ಚಕ್ಕಡಿಯಲ್ಲಿ ಹೋಗುತ್ತಿದ್ದೆವು. ಏರು ಬಂದ ಕೂಡಲೇ ಅಪ್ಪ ನಮ್ಮನ್ನೆಲ್ಲ ಇಳಿಸುತ್ತಿದ್ದ. ಕಾಲು ನೋಯುತ್ತದೆಂದು ನಾನು ಅತ್ತರೂ ಬಿಡುತ್ತಿರಲಿಲ್ಲ, ಎತ್ತಿನ ಮುಖ ನೋಡು ಎನ್ನುತ್ತಿದ್ದ. ಎಮ್ಮೆ, ಎತ್ತು, ಚಕ್ಕಡಿ ಕಂಡ ಮನೆಯಲ್ಲಿ ಹುಟ್ಟಿದವಳು ನಾನು. ಎತ್ತಿನ ಮುಖ ಕಾಣುತ್ತಿತ್ತು, ಯಂತ್ರಕ್ಕೆ ಮುಖ ಇಲ್ಲ, ಹೇರಿಬಿಟ್ಟೆ. ರೇಣುಕಾಳ ಮುಖ ಇತ್ತು, ನಿಜ. ಅದನ್ನು ನೋಡುವುದು ಬಿಟ್ಟು ಪೆಟ್ಟಿಗೆಯಲ್ಲಿ ಎಲ್ಲಿ ಜಾಗ ಉಳಿದಿದೆ ಎಂದು ನೋಡುತ್ತಿದ್ದೆ.

ಈಗ ನೆಲದ ಮೇಲಿದ್ದದ್ದು ಅವಳು ತಂದ ಗಾಡಿ, ಬರೀ ಎಲುಬು. ರೇಣುಕಾ ಗೇರು ಹಾಕಿದಳು, ಹ್ಯಾಂಡಲ್ಲನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿದಳು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು, ಸೀಟಿನ ಅಂಚಿಗೆ ಸೊಂಟ ತಾಗಿಸಿ ಕುಕ್ಕರಿಸಿದಳು. ಒಂದು ಕೈ ಹ್ಯಾಂಡಲ್ಲಿಗೆ, ಒಂದು ಕೈ ಹಿಂದಿನ ಹಿಡಿಕೆಗೆ. ಕಾಲಿನ ಬಲದಿಂದ ಹಿಂದಕ್ಕೆ ಒತ್ತುತ್ತ ಪುಟ್ಟ ಪುಟ್ಟ ಹೆಜ್ಜೆ ಇಟ್ಟಳು. ಅರ್ಧ ಎದ್ದಿತು. ಅಲ್ಲಿ ನಿಂತಿತು. ಮೊನ್ನೆ ನೋವಾದ ಕಾಲು ನಡುಗುತ್ತಿತ್ತು. ಇವರ ಕೈ ತಾನಾಗಿ ಮುಂದೆ ಹೋಯಿತು. ನಾನು ಅಂಗಿಯ ತೋಳು ಹಿಡಿದೆ.

"ಮುಟ್ಟಬ್ಯಾಡ್ರಿ."

ಮದುವೆಯಾದಾಗಿನಿಂದ ನಾನು ಅವರನ್ನು ತಡೆದ ಸಂದರ್ಭಗಳು ಕಡಿಮೆ. ಅವರು ನಿಂತರು. ರೇಣುಕಾ ಉಸಿರು ಬಿಗಿ ಹಿಡಿದು ಇನ್ನೊಂದು ಹೆಜ್ಜೆ ಹಿಂದೆ ಇಟ್ಟಳು. ಗಾಡಿ ಎದ್ದು ನಿಂತಿತು.

ಅವಳು ಸೆರಗಿಲ್ಲದ ಹುಡುಗಿ, ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು.

"ಇನ್ನೊಂದ ಮಗ್ಗಲಕ್ಕ ಕೆಡವ್ರಿ, ಮಾವಾರ. ಹಳ್ಳ ಯಾವ ಮಗ್ಗಲಕ್ಕ ಬೀಳಸತೈತಿ ಅಂತ ಹೇಳಿ ಬೀಳಸೂದಿಲ್ಲ."

ಇವರು ಕೆಡವಿದರು. ಅವಳು ಎತ್ತಿದಳು. ಅರ್ಜಿಯ ಮಾತು ಮತ್ತೆ ಬರಲಿಲ್ಲ.

ಆಮೇಲೆ ಗಾಡಿಗೆ ಏನು ಬೇಕು ಎಂಬುದನ್ನು ಅವಳೇ ಹೇಳಿದಳು. ಎಂಜಿನ್ನಿನ ತಳಕ್ಕೆ ಕಲ್ಲು ಬಡಿಯದ ಹಾಗೆ ಒಂದು ಅಲ್ಯೂಮಿನಿಯಂ ತಗಡು. ಬಿದ್ದಾಗ ಬ್ರೇಕು, ಕ್ಲಚ್ಚಿನ ಕಡ್ಡಿ ಮುರಿಯದ ಹಾಗೆ ಹ್ಯಾಂಡಲ್ಲಿಗೆ ಎರಡು ಮುಚ್ಚಳ. ಕೆಸರಿನಲ್ಲಿ ಜಾರದ ಹಾಗೆ ಆಳವಾದ ಕಚ್ಚಿನ ಟೈರು. ಕೈಪಂಪು, ಪಂಕ್ಚರ್ ಸಾಮಾನು, ಒಂದು ಟ್ಯೂಬು. ಮುಗಿಯಿತು. ಸಾಮಾನಿಗೆ ನಾನು ಚೀಲ ಹೊಲಿದುಕೊಟ್ಟೆ. ಹಿಂದೆ ಎತ್ತಿನ ಬೆನ್ನಿಗೆ ಹಾಕುತ್ತಿದ್ದ ಹೇರಿನ ಹಾಗೆ, ಎರಡೂ ಕಡೆ ಜೋತುಬೀಳುವ ದಪ್ಪ ಕ್ಯಾನ್ವಾಸಿನದು, ಒಳಗೆ ತಾಡಪಾಲಿನ ಪದರ. ಮೊದಲನೆಯದನ್ನು ಕಂಡು ರೇಣುಕಾ ತಲೆ ಅಲ್ಲಾಡಿಸಿದಳು.

"ಯಾಕ, ಹೊಲಿಗೆ ಸರಿ ಇಲ್ಲೇನು?"

"ಹೊಲಿಗಿ ಚಲೋ ಐತ್ರಿ. ದೊಡ್ಡದಾತು. ದೊಡ್ಡದಿದ್ರ ನೀವು ತುಂಬತೀರಿ."

ಬಿಚ್ಚಿ ಸಣ್ಣದು ಹೊಲಿದೆ. ಅದರಲ್ಲಿ ಎರಡು ರೊಟ್ಟಿ, ಒಂದು ಪಲ್ಯದ ಡಬ್ಬಿ, ಒಂದು ಬಾಟಲಿ ನೀರು ಹಿಡಿಸುತ್ತದೆ. ವಿಭೂತಿಯನ್ನು ಈಗ ಅವಳ ಹಣೆಗೇ ಹಚ್ಚಿ ಕಳಿಸುತ್ತೇನೆ. ಮೊದಲೆಲ್ಲ ಇವಳು ಬೀಳದಿರಲಿ ಎಂದು ಬೇಡುತ್ತಿದ್ದೆ. ನಾನೂ ಒಮ್ಮೆ ಹೋಗಿ ಜೋಯಿಡಾದ ಆಚೆಯ ಮಣ್ಣು ನೋಡಿ ಬಂದ ಮೇಲೆ ಶಿವನಿಗೆ ಅಷ್ಟು ದೊಡ್ಡ ಕೆಲಸ ಹೇಳುವುದಿಲ್ಲ. ಬಿದ್ದಲ್ಲಿ ಚೂಪು ಕಲ್ಲು ಇರದಿರಲಿ, ಎತ್ತಿದ ಮೇಲೆ ಗಾಡಿ ಚಾಲೂ ಆಗಲಿ ಎನ್ನುತ್ತೇನೆ. ಇಷ್ಟನ್ನು ಅವನು ನಡೆಸಿಕೊಡುತ್ತಿದ್ದಾನೆ.

ಈಗ ಹಿಟ್ಟಿನ ಪರಾತ ಒಳಗಿಡುವಷ್ಟರಲ್ಲಿ ಮನೆಯವರು ಬಂದರು.

"ಯಾರ ಫೋನು?"

"ರೇಣುಕಾ. ಹಳ್ಳದಾಗ ಬಿದ್ದಿದ್ಲಂತ. ತಡಾ ಆಗತೈತಂತ."

ಅವರ ಕಾಲು ಚಪ್ಪಲಿ ಹುಡುಕಿತು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹಾಗೇ ನಿಂತು ನನ್ನ ಮುಖ ನೋಡಿದರು. ನಾನು ಪರಾತಕ್ಕೆ ಬಟ್ಟೆ ಮುಚ್ಚಿದೆ.

"ಹಂಗಾದ್ರ ಚೈನಿಗೆ ನೀರು ಹೊಕ್ಕಿರತೈತಿ," ಎಂದರು. ಚಪ್ಪಲಿ ಬಿಟ್ಟು, ಎಣ್ಣೆಯ ಡಬ್ಬಿ ಹುಡುಕಲು ಅಟ್ಟಕ್ಕೆ ಕೈ ಹಾಕಿದರು.

ಸೊಂಟದ ತನಕ ತೊಯ್ದಿದ್ದಾಳೆ. ನಾನು ಹಿತ್ತಲಿಗೆ ಹೋಗಿ ಒಲೆಯ ಬೂದಿ ತೆಗೆದು, ಸ್ನಾನದ ಹಂಡೆಗೆ ನೀರು ತುಂಬಿಸಿ ಕಟ್ಟಿಗೆ ಒಟ್ಟಿದೆ.