ಎರಡನೆಯ ಸರದಿಗೆ ಕರೆತಂದ ಲೀಲಾಬಾಯಿ

ಬೆಳಗಾವಿ ಸೀಮೆಯ ಎಂಡೋಸ್ಕೋಪಿ ಚಿಕಿತ್ಸೆಯ ಮಾತು ಬಂದಾಗ ವೈದ್ಯರ ಹೆಸರುಗಳೇ ಮುಂದೆ ಬರುತ್ತವೆ. ಮೂವತ್ತನಾಲ್ಕು ವರ್ಷ ಬೈಲಹೊಂಗಲದಿಂದ ನಸುಕಿನ ಬಸ್ಸು ಹಿಡಿದು ಬಂದು, ನಮ್ಮ ಆಸ್ಪತ್ರೆಯ ಈ ವಿಭಾಗವನ್ನು ನಿಂತೇ ನಡೆಸಿದ ಸಿಸ್ಟರ್ ಲೀಲಾಬಾಯಿಯವರು ಈಗ ನಿವೃತ್ತರಾಗಿದ್ದಾರೆ.

ಹೊಟ್ಟೆಯ ಹುಳಿ ವರ್ಷಗಟ್ಟಲೆ ಮೇಲೇರಿ ಅನ್ನನಾಳದ ಒಳಪದರು ಕೆಟ್ಟಾಗ, ಅದು ಕ್ಯಾನ್ಸರ್ ಆಗುವ ಮುನ್ನವೇ ರೇಡಿಯೋತರಂಗದ ಕಾವಿನಿಂದ ಸುಡುವ ಚಿಕಿತ್ಸೆಯನ್ನು ನಾವು ಆರಂಭಿಸಿದಾಗ ನಾನು ಹೊಸ ವೈದ್ಯ. ಬಹುಪಾಲು ಜನರಿಗೆ ಅದು ಫಲಿಸುತ್ತದೆ. ಕೆಲವರಿಗೆ ಸುಟ್ಟ ಗಾಯ ಮಾಯುವಾಗ ನಾಳ ಬಿಗಿಯುತ್ತದೆ. ಈ ಎರಡನೆಯ ಮಾತನ್ನು ಸಂಗೊಳ್ಳಿಯ ಟೆಂಪೊ ಚಾಲಕ ಚಮನಸಾಬರಿಗೆ ಹೇಳದೆಯೇ ನಾನು ಒಪ್ಪಿಗೆಯ ಸಹಿ ಪಡೆದಿದ್ದೆ.

ಮೊದಲ ಸರದಿ ಮುಗಿದ ಮೂರು ವಾರಕ್ಕೆ ಅವರ ಪತ್ನಿ ಮದರಬಿ ಬಾಗಿಲಲ್ಲಿ ನಿಂತಿದ್ದರು. “ರೊಟ್ಟಿ ಹೋಗ್ಲಿ, ಗಂಜಿನೂ ಇಳಿವಲ್ದು. ಹಿಂಗ ಆಗತೈತಿ ಅಂತ ಒಂದ ಮಾತು ಹೇಳಿದ್ರೇನ್ರಿ?”

ನಾನು ಸಹಿಯ ಕಾಗದ ಹುಡುಕತೊಡಗಿದೆ. ಲೀಲಾಬಾಯಿ ಮೆಲ್ಲಗೆ ಅಂದರು: “ಕಾಗದ ಬಿಡ್ರಿ, ಡಾಕ್ಟರ್ರ. ಹೇಳಿದ್ದಿಲ್ಲ ಅಂತ ಅವರ ಮುಂದ ಒಪ್ಪಿಕೊಳ್ರಿ.”

ಒಪ್ಪಿಕೊಂಡೆ. ಬಲೂನಿನಿಂದ ಎರಡು ಸಲ ನಾಳ ಹಿಗ್ಗಿಸಿದೆವು. ಊಟ ಸೇರತೊಡಗಿದ್ದೇ ಚಮನಸಾಬರು ಬರುವುದನ್ನು ನಿಲ್ಲಿಸಿದರು. ಕೆಟ್ಟ ಪದರು ಇನ್ನೂ ಅರ್ಧ ಉಳಿದಿತ್ತು. ಫೋನ್ ಎತ್ತಲಿಲ್ಲ. ನಾನು ಕೈಬಿಟ್ಟೆ. ವಾರವಿಡೀ ನಿಂತು ಬಾತ ಕಾಲಿನಲ್ಲೇ ಲೀಲಾಬಾಯಿ ಭಾನುವಾರ ಸಂಗೊಳ್ಳಿಗೆ ಹೋದರು. ಅಲ್ಲಿ ನಡೆದದ್ದನ್ನು ಮದರಬಿಯವರೇ ಮುಂದೆ ನನಗೆ ಹೇಳಿದರು.

“ಈಗ ಆರಾಮ ಅದೇನಿ, ಅಕ್ಕಾರ. ಮತ್ಯಾಕ ಸುಡಿಸ್ಕೊಳ್ಳಲಿ?” ಎಂದರಂತೆ ಚಮನಸಾಬರು.

“ಅರ್ಧಾ ಕೆಲಸ ಉಳದದ, ಅಣ್ಣಾರ. ನಾಳ ಮತ್ತ ಬಿಗೀಬಹುದು. ಅದನ್ನೂ ಹೇಳೇ ಕರೀಲಿಕ್ಕೆ ಬಂದೇನಿ.”

ಆ ಮಾತಿಗೇ ಅವರು ಬಂದದ್ದು. ಇನ್ನೆರಡು ಸರದಿಗಳಾದವು, ನಾಳ ಬಿಗಿಯಲಿಲ್ಲ. ಒಳಪದರಿನ ತುಣುಕು ತೆಗೆದು ಮಾಡಿದ ಕೊನೆಯ ಪರೀಕ್ಷೆಯಲ್ಲಿ ಕೆಟ್ಟ ಕೋಶಗಳು ಕಾಣಲಿಲ್ಲ. ಹಾಗೆಂದು ಮುಗಿಯಿತೆನ್ನುವಂತಿಲ್ಲ, ವರ್ಷ ವರ್ಷ ನೋಡುತ್ತಲೇ ಇರಬೇಕು. ಈ ಕೆಲಸದ ದಣಿವೇ ಅದು.

ಬೀಳ್ಕೊಡುಗೆಯ ದಿನ, ವಾರಕ್ಕೊಮ್ಮೆಯಾದರೂ ಬರಬೇಕೆಂದು ಬೇಡಿಕೊಂಡೆ. “ಕಾಲು ನಿಲ್ಲಂಗಿಲ್ಲರೀ, ಡಾಕ್ಟರ್ರ. ಭಾಳ ದಣದೇನಿ,” ಎಂದರು. ಅಷ್ಟು ವರ್ಷಗಳಲ್ಲಿ ಅವರು ತಮ್ಮ ಬಗ್ಗೆ ಆಡಿದ್ದು ಅದೊಂದೇ ಮಾತು.

ಸೇವೆ ಮುಂದುವರಿಯಲಿ ಎಂದು ಹಾರೈಸುವುದು ಇಂಥ ಅಭಿನಂದನ ಗ್ರಂಥಗಳ ರೂಢಿ. ನನಗೆ ಮನಸ್ಸಾಗದು. ಅವರು ಬಹುಕಾಲ ಬಾಳಲಿ, ಬೆಳಕು ಹರಿದ ಮೇಲೆಯೇ ಏಳಲಿ. ಚಮನಸಾಬರ ಮುಂದಿನ ತಪಾಸಣೆ ಜೂನ್ ತಿಂಗಳಲ್ಲಿದೆ. ಅವರು ಫೋನ್ ಎತ್ತದಿದ್ದರೆ ಸಂಗೊಳ್ಳಿಗೆ ನಾನು ಹೋಗುತ್ತೇನೆ.