ಲ್ಯಾಪ್‌ಟಾಪಿನ ಅಡಿಯಲ್ಲಿದ್ದ ಹೆಸರು

ಬಿಬಿಡಿ ಬಾಗ್‌ನ ನಮ್ಮ ಬ್ಯಾಂಕಿನ ಸಾಮಗ್ರಿ ವಿಭಾಗದಲ್ಲಿ ಜಲಜಾಕ್ಷಿಯವರಷ್ಟು ಹೆದರುವವರನ್ನು ನಾನು ಕಂಡಿಲ್ಲ. ಕುಂದಾಪುರದ ಕಡೆಯವರು, ಇಪ್ಪತ್ತೆರಡನೇ ವಯಸ್ಸಿಗೇ ಕೋಲ್ಕತ್ತಾಕ್ಕೆ ಬಂದವರು. ಯಾವ ಸುತ್ತೋಲೆ ಬಂದರೂ ತಾವು ಮೂರು ಸಲ ಓದಿ, ನಾಲ್ಕನೇ ಸಲ ನನ್ನಿಂದ ಓದಿಸುತ್ತಿದ್ದರು. ಬಾಲಿಗಂಜ್‌ನ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವರು ಮತ್ತೆ ಹತ್ತಿ ಹೋಗಿ ಎಳೆದು ನೋಡುವರು. ನಾನು ನಗುತ್ತಿದ್ದೆ. ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಕೂತವಳಿಗೆ ಅಷ್ಟೂ ಸಲುಗೆ ಇರಬಾರದೇ?

ಕಳೆದ ವರ್ಷ, ಜಲಜಕ್ಕನ ನಿವೃತ್ತಿಗೆ ಎರಡೇ ತಿಂಗಳಿರುವಾಗ, ಶಾಖೆಗಳಿಗೆಂದು ಅರವತ್ತು ಲ್ಯಾಪ್‌ಟಾಪ್ ಬಂದವು. ಎಲ್ಲರಿಗೂ ಗೊತ್ತಿರುವ ದೊಡ್ಡ ಬ್ರ್ಯಾಂಡು. ಪೆಟ್ಟಿಗೆಗಳ ಮೇಲಿನ ಸಂಖ್ಯೆಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಸಹಿ ಹಾಕುವುದು ನಮ್ಮಲ್ಲಿ ರೂಢಿ, ಅವರೂ ಹಾಕಿದರು. ಮರುದಿನ ಬ್ಯಾಂಕಿನ ಆಸ್ತಿ ಸಂಖ್ಯೆಯ ಚೀಟಿ ಅಂಟಿಸಲೆಂದು ಮೊದಲನೆಯದನ್ನು ಬೋರಲು ಹಾಕಿದ್ದೇ ತಡ, ಅವರ ಮುಖ ಬಿಳಿಚಿಕೊಂಡಿತು.

"ಇದೆಂತದು ಶೋಭಾ? ಮುಚ್ಚಳದಲ್ಲಿ ಒಂದು ಹೆಸರು, ಅಡಿಯಲ್ಲಿ ಇನ್ನೊಂದು! ಡೂಪ್ಲಿಕೇಟಾ ಎಂತ?"

ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ತಯಾರಕರು ಎಂದು ನಾವು ಕೇಳಿಯೇ ಇರದ ತೈವಾನಿನ ಕಂಪನಿಯ ಹೆಸರಿತ್ತು. ವಿಳಾಸ ಚೀನಾದ್ದು. ಎರಡನೆಯದರಲ್ಲೂ ಅದೇ, ಹತ್ತನೆಯದರಲ್ಲೂ ಅದೇ.

"ಯಾರ್ನಾದ್ರೂ ಕೇಳೋಣ ಅಕ್ಕಾ" ಎಂದೆ.

"ಕೇಳಿದ್ರೆ ನಾನು ಪೆಟ್ಟಿಗೆ ಬಿಚ್ಚಿ ನೋಡದೆ ಸಹಿ ಹಾಕಿದ್ದು ಗೊತ್ತಾಗ್ತದೆ. ವಿಜಿಲೆನ್ಸ್‌ನವರು ಬಿಡ್ತಾರಾ? ನನ್ನ ಪಿಂಚಣಿ ಹೋಯ್ತು ಮಾರಾಯ್ತಿ!"

ನಿವೃತ್ತರಾಗುವವರ ಮೇಲೆ ಯಾವ ವಿಚಾರಣೆಯೂ ಇಲ್ಲವೆಂದು, ಬ್ಯಾಂಕಿನೊಳಗಿನ ಅಕ್ರಮ ಹಿಡಿಯುವ ವಿಜಿಲೆನ್ಸ್‌ನವರು ಪತ್ರ ಕೊಟ್ಟರೇ ಪಿಂಚಣಿ ಸಲೀಸು. ಬೀಳ್ಕೊಡುಗೆಯ ಹಾರ ಕೊರಳಲ್ಲಿರುವಾಗಲೇ ಆ ಪತ್ರ ತಡೆಹಿಡಿಯಲ್ಪಟ್ಟ ಒಬ್ಬರನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಆವತ್ತು ನನಗೆ ನಗು ಬರಲಿಲ್ಲ.

ಚೀಟಿಯನ್ನು ಇಂಥ ಕಡೆಯೇ ಅಂಟಿಸಬೇಕೆಂದು ಯಾವ ಸುತ್ತೋಲೆಯೂ ಹೇಳಿರಲಿಲ್ಲ. ಜಲಜಕ್ಕ ಅಂಗೈಯ ಬೆವರನ್ನು ಸೆರಗಿಗೆ ಒರೆಸಿಕೊಂಡು, ಸರಿಯಾಗಿ ಆ ಹೆಸರಿನ ಮೇಲೆಯೇ ಚೀಟಿ ಒತ್ತಿದರು. ನಾನು ಬೇಡವೆನ್ನಲಿಲ್ಲ, ಒಂದೊಂದೇ ಚೀಟಿ ಬಿಡಿಸಿ ಕೊಟ್ಟೆ. ಮಧ್ಯಾಹ್ನದೊಳಗೆ ಅರವತ್ತೂ ಮುಚ್ಚಿಹೋದವು. ಆಮೇಲೆ ಹದಿನೆಂಟು ದಿನ ಅವರು ನೆಟ್ಟಗೆ ಊಟ ಮಾಡಲಿಲ್ಲ. ಲಿಫ್ಟಿನ ಬಾಗಿಲು ಸದ್ದಾದರೆ ಬೆಚ್ಚುವರು, ಫೋನು ಬಂದರೆ ನನ್ನಿಂದ ಎತ್ತಿಸುವರು. ಹೆದರಿಕೆಯೂ ಅಂಟುರೋಗವೇ, ನನಗೂ ಹಿಡಿಯಿತು.

ಹತ್ತೊಂಬತ್ತನೇ ದಿನ ತಪಾಸಣೆಗೆ ಬಂದ ಅಧಿಕಾರಿ ವಿಶ್ವನಾಥ ಧಾರವಾಡದವರು. ನಾಲ್ಕು ಲ್ಯಾಪ್‌ಟಾಪ್ ಮಗುಚಿ ನೋಡಿದರು.

"ಯಾಕ್ರೀ ಅಕ್ಕಾರ, ಈ ಮಾಡೆಲ್ ನನ್ನ ಹತ್ರಾನೂ ಐತಿ. ಇಲ್ಲಿ ತಯಾರಕರ ಹೆಸರಿರ್ತೈತಿ. ಎಲ್ಲಾದ್ರಾಗೂ ಅದರ ಮ್ಯಾಲೇ ಚೀಟಿ ಹಚ್ಚೀರಲ್ಲ?"

ಜಲಜಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟರು. ಕೇಳಿ ವಿಶ್ವನಾಥ ನಕ್ಕರು.

"ನಕಲಿ ಅಲ್ರೀ! ದೊಡ್ಡ ದೊಡ್ಡ ಬ್ರ್ಯಾಂಡಿನವರು ಬಹಳ ಮಂದಿ ಲ್ಯಾಪ್‌ಟಾಪ್ ತಾವು ಮಾಡೂದೇ ಇಲ್ಲ. ತೈವಾನಿನಾಗ ಕ್ವಾಂಟಾ, ಕಂಪಾಲ್, ವಿಸ್ಟ್ರಾನ್, ಇನ್ವೆಂಟೆಕ್ ಅಂತ ಕಂಪನಿ ಅದಾವು. ಚೀನಾದಾಗ ಫ್ಯಾಕ್ಟರಿ ಇಟ್ಟು, ಒಬ್ಬರೇ ನಾಕು ಬ್ರ್ಯಾಂಡಿಗೆ ಮಾಡಿ ಕೊಡ್ತಾರ. ಮ್ಯಾಲೆ ಮಾರೋರ ಹೆಸರು, ಕೆಳಗ ಮಾಡಿದೋರ ಹೆಸರು."

ಇಷ್ಟೇ! ನನಗೆ ಅಳು ಬಂತು. ಆದರೆ ವಿಶ್ವನಾಥರ ನಗು ಆಗಲೇ ಮಾಯವಾಗಿತ್ತು.

"ಮಾಲು ಸರಿ ಐತಿ. ಮುಚ್ಚಿದ್ದು ಸರಿ ಇಲ್ಲ. ನಾ ವರದಿ ಬರೀಬೇಕು, ನೀವು ವಿವರಣೆ ಕೊಡ್ರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿ ಕಳುವೇ ಆಗಿರಲಿಲ್ಲ, ನಾವು ಹೆಗಲು ಒರೆಸಿಕೊಂಡು ಸಿಕ್ಕಿಬಿದ್ದಿದ್ದೆವು.

ಹೆದರಿಕೆಯಿಂದ ಮುಚ್ಚಿದೆ ಎಂದು ಜಲಜಕ್ಕ ಒಂದೇ ಸಾಲು ಬರೆದುಕೊಟ್ಟರು. ವಿಶ್ವನಾಥ ಅದನ್ನು ಓದಿ ಹಿಂದಿರುಗಿಸಿದರು.

"ಹೆದರಿಕಿ ಅಂತ ಬರದ್ರ, ಏನೋ ತಪ್ಪು ಮಾಡೀರಿ ಅಂತ ವಿಜಿಲೆನ್ಸ್‌ನವರು ಬೆನ್ನು ಹತ್ತತಾರ. ಅಜಾಗರೂಕತೆ ಅಂತ ಬರೀರಿ ಅಕ್ಕಾರ. ಒಂದು ಎಚ್ಚರಿಕೆ ಪತ್ರದಾಗ ಮುಗೀತೈತಿ."

ಅಜಾಗರೂಕತೆ! ಮೂವತ್ತೆಂಟು ವರ್ಷದಲ್ಲಿ ಒಂದು ದಿನವಾದರೂ ಅಜಾಗರೂಕರಾಗಿರಲು ಈ ಹೆಂಗಸಿಗೆ ಧೈರ್ಯವಾಗಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. "ಬರೀಬೇಡಿ ಅಕ್ಕಾ" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಇನ್ನೊಂದು ಹಾಳೆ ತೆಗೆದುಕೊಂಡು, ಹೆದರಿಕೆಯಿಂದಲೇ, ಅಜಾಗರೂಕತೆ ಎಂದು ಬರೆದು ಸಹಿ ಹಾಕಿದರು.