ಕೌದಿಯ ನಾಲ್ಕನೇ ಮೂಲೆ

ನಾಯಿ ಸಾಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮನುಷ್ಯರಿಗೇ ಜಾಗ ಸಾಲದ ಮನೆಗೆ ಇನ್ನೊಂದು ಜೀವ ತಂದು, ಅದು ಉಚ್ಚೆ ಹೊಯ್ದರೆ ಒರೆಸಿ, ಬೊಗಳಿದರೆ ನಕ್ಕು, ಇದೆಲ್ಲ ಯಾರಿಗೆ ಬೇಕು ಎಂದುಕೊಂಡೇ ಐವತ್ತು ದಾಟಿದವಳು ನಾನು. ಆಮೇಲೆ ಒಂದು ಭಾನುವಾರ ಔರಾದಿನಿಂದ ಅಳಿಯ ಬಂದು, ನಮ್ಮ ಬೀದರ್ ಮನೆಯ ಪಡಸಾಲೆಯಲ್ಲಿ ಒಂದು ರಟ್ಟಿನ ಡಬ್ಬಿ ಇಟ್ಟ. ಒಳಗೆ ಕಂದು ಬಣ್ಣದ ನಾಯಿಮರಿ. ಡಬ್ಬಿಯ ಒಂದು ಬದಿಯನ್ನು ಅದು ದಾರಿಯಲ್ಲೇ ತಿಂದು ಮುಗಿಸಿತ್ತು. ಅಲ್ಲಿಗೇ ನನಗೆ ತಿಳಿಯಬೇಕಿತ್ತು.

"ಅತ್ತಿ, ಸಿಟ್ಟಾಗಬ್ಯಾಡ್ರಿ," ಎಂದ ಅಳಿಯ. "ಅಕಿಗಿ ಇದರ ವಾಸನಿ ಬಂದ್ರ ಸಾಕು, ಒಂದೇ ಸವನ ವಾಂತಿ. ಬಾಣಂತನ ಮುಗಿಯೂತನಕ ಇಟ್ಕೊರಿ."

ಮರಿ ನನ್ನ ಮಗಳದು, ಆಸೆಯಿಂದ ತಂದುಕೊಂಡದ್ದು. ಅವಳಿಗೆ ಅದು ಮೊದಲ ಬಸಿರು. ಬಸುರಿ ಮಗಳು ಕೇಳಿದ್ದಕ್ಕೆ ಇಲ್ಲವೆನ್ನುವ ತಾಯಿ ಎಲ್ಲಿದ್ದಾಳೆ? ಇಟ್ಟುಕೊಂಡೆ.

ಮನೆಯಲ್ಲಿ ನಾವು ಮೂವರು. ನಾನು ಜನವಾಡದ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮತ್ತೆ ಸಂಜೆಯೇ ಮನೆ. ನನ್ನ ಗಂಡನ ನೌಕರಿ ಭಾಲ್ಕಿಯಲ್ಲಿ. ಅವರು ನನಗಿಂತ ಮೊದಲು ಹೋಗಿ ನನಗಿಂತ ತಡವಾಗಿ ಬರುತ್ತಾರೆ. ಮೂರನೆಯವಳು ನನ್ನ ಅವ್ವ. ಅಪ್ಪ ತೀರಿಕೊಂಡ ಮೇಲೆ ಸಾಯಗಾಂವದಿಂದ ಟ್ರಂಕು ಎತ್ತಿಕೊಂಡು ನಮ್ಮಲ್ಲಿಗೆ ಬಂದವಳು. ಹಗಲೆಲ್ಲ ಮನೆಯಲ್ಲಿ ಅವಳೊಬ್ಬಳೇ. ಈಗ ಅವಳು ಮತ್ತು ಆ ಮರಿ.

ಅವ್ವನಿಗೆ ಗ್ಲಾಕೋಮಾ. ಕಣ್ಣಿನ ಡಾಕ್ಟರು ಹನಿ ಔಷಧ ಬರೆದುಕೊಟ್ಟು, ಅವಳ ಎದುರಿಗೇ ನನಗೆ ಹೇಳಿದರು: "ಹೋದ ನೋಟ ವಾಪಸ್ ಬರಂಗಿಲ್ರಿ. ಇದ್ದದ್ದು ಎಷ್ಟು ದಿನ ಉಳೀತದೋ ನೋಡೋಣ್ರಿ." ಬರುವಾಗ ಆಟೋದಲ್ಲಿ ಅವ್ವ ತನ್ನ ಕಣ್ಣನ್ನು ನನಗೆ ವಿವರಿಸಿದಳು. "ಕೊಳವಿಯಾಗಿಂದ ನೋಡ್ದಂಗ ಆಗ್ತದ ನೋಡು. ಸೂಜಿ ತುದಿ ಕಾಣ್ತದ. ಸೂಜಿ ಹಿಡಿದ ಕೈ ಕಾಣಂಗಿಲ್ಲ."

ಆ ಕೊಳವೆ ಪೂರಾ ಮುಚ್ಚುವುದರೊಳಗೆ ಅವಳಿಗೆ ಒಂದು ಕೌದಿ ಮುಗಿಸಬೇಕಿತ್ತು. ನನ್ನ ಮಗಳಿಗೆ ಹುಟ್ಟಲಿರುವ ಕೂಸಿಗೆ. ಸಾಯಗಾಂವದ ನಮ್ಮ ಓಣಿಯಲ್ಲಿ ಅವ್ವ ಹೊಲಿದ ಕೌದಿಯಲ್ಲಿ ಮಲಗದೆ ದೊಡ್ಡದಾದ ಕೂಸೇ ಇಲ್ಲ. ಆ ಟ್ರಂಕಿನಲ್ಲಿ ಅವಳು ತಂದದ್ದೂ ಬಟ್ಟೆಯೇ: ಅಪ್ಪನ ಧೋತರ, ತನ್ನ ಹಳೆಯ ಇಳಕಲ್ ಸೀರೆ, ತೀರಿಹೋದ ನನ್ನ ಅಜ್ಜಿಯದೂ ಒಂದು. "ಇದು ಕಡೀದು," ಎಂದಳು. "ಇದೊಂದು ಆದ್ರ ಸಾಕು, ಆಮ್ಯಾಲ ಕಣ್ಣು ಹೋದ್ರ ಹೋಗಲಿ, ಹಾಳಾಗಿ." ಅವಳು ಬೇರೆ ಏನನ್ನೂ ಹೀಗೆ ಬಾಯಿಬಿಟ್ಟು ಕೇಳಿದವಳಲ್ಲ.

ಮರಿ ಮಾತ್ರ ಬಂದ ದಿನದಿಂದ ಮನೆಯನ್ನು ತಿನ್ನತೊಡಗಿತು. ಕಸಬರಿಗೆ, ಫೋನಿನ ಚಾರ್ಜರ್, ಟಿವಿ ರಿಮೋಟು, ನನ್ನ ಗಂಡನ ಹೆಲ್ಮೆಟ್ಟಿನ ಪಟ್ಟಿ, ಮಂಚದ ಕಾಲು. ನಾನು ತಿದ್ದಲು ತಂದಿದ್ದ ಐದನೆಯ ಇಯತ್ತೆಯ ಗಣಿತದ ಪೇಪರುಗಳನ್ನೂ ಬಿಡಲಿಲ್ಲ. ಎಡಗಾಲಿನ ಚಪ್ಪಲಿಯೇ ಬೇಕು ಅದಕ್ಕೆ, ಬಲಗಾಲಿನದನ್ನು ಮೂಸಿಯೂ ನೋಡದು. ಒಂದು ದಿನ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಶಾಲೆಗೆ ಹೋದೆ. ಮಕ್ಕಳು ಬೋರ್ಡು ನೋಡುವುದು ಬಿಟ್ಟು ನನ್ನ ಕಾಲು ನೋಡಿದವು.

ಯಾರು ಏನು ಹೇಳಿದರೂ ಮಾಡಿದೆ. ಮಂಚದ ಕಾಲಿಗೆ ಬೇವಿನೆಣ್ಣೆ ಹಚ್ಚಿದೆ; ನೆಕ್ಕಿತು. ಕೆಂಪು ಖಾರ ಕಲಸಿ ಬಳಿದೆ. ಎರಡು ಸಲ ಸೀನಿ ಮತ್ತೆ ಕಡಿಯಿತು. ನಮ್ಮ ಮನೆಯ ಪಲ್ಯದ ಎಂಜಲು ತಿಂದು ಬೆಳೆಯುತ್ತಿದ್ದ ನಾಯಿಗೆ ಖಾರದ ಹೆದರಿಕೆ ತೋರಿಸಲು ಹೋದ ನಾನೇ ಮಬ್ಬಿ. ಕಟ್ಟಿಹಾಕಿದರೆ ಇಡೀ ಓಣಿಗೆ ಕೇಳುವಂತೆ ಅಳುತ್ತಿತ್ತು. ನಾನು ಬಸ್ಸು ಹತ್ತುವುದರೊಳಗೆ ಅವ್ವ ತಡಕಾಡಿಕೊಂಡು ಹೋಗಿ ಬಿಚ್ಚಿಬಿಡುತ್ತಿದ್ದಳು.

"ಹಲ್ಲಿದ್ರ ಕಡ್ಲಿ ಇಲ್ಲ, ಕಡ್ಲಿ ಇದ್ರ ಹಲ್ಲಿಲ್ಲ ಅಂತಾರ," ಎಂದು ನಗುತ್ತಿದ್ದಳು. "ಈ ಖೋಡಿಗಿ ಎರಡೂ ಅವ ನೋಡು." ಮಗಳು ಅದಕ್ಕೆ ಏನೋ ಚೆಂದದ ಹೆಸರಿಟ್ಟಿದ್ದಳು. ಅವ್ವ ಕರೆದದ್ದು ಖೋಡಿ ಎಂದೇ. ತುಂಟ ಮಕ್ಕಳನ್ನು ಅವಳು ಬಯ್ಯುತ್ತಿದ್ದದ್ದೂ ಹಾಗೆಯೇ. ಅದು ಆ ಹೆಸರಿಗೇ ಬಾಲ ಅಲ್ಲಾಡಿಸುತ್ತಿತ್ತು.

ಕೊನೆಗೆ ಪಶು ದವಾಖಾನೆಗೆ ಹೊತ್ತುಕೊಂಡು ಹೋದೆ. ಡಾಕ್ಟರು ಅದರ ಬಾಯಿ ಅಗಲಿಸಿ ನೋಡಿದರು. "ಹಾಲುಹಲ್ಲು ಬಿದ್ದು ಹೊಸಾವು ಬರ್ಲತ್ತಾವ ಮೇಡಂ. ಒಸಡು ತುರಸ್ತದ ಅದಕ್ಕ. ಹಲ್ಲು ಪೂರಾ ಬಂದ ಮ್ಯಾಲ ಕಡಿಯೂದು ತಾನೇ ಕಡಿಮಿ ಆಗ್ತದ. ಅಲ್ಲೀತನಕ ಹೊಡೀಬ್ಯಾಡ್ರಿ. ಮತ್ತ ಹಳಿ ಚಪ್ಪಲ್ ಆಡ್ಲಿಕ್ಕಿ ಕೊಡಬ್ಯಾಡ್ರಿ. ಹಳೀದು ನಂದು, ಹೊಸಾದು ಟೀಚರದು ಅಂತ ನಾಯಿಗಿ ಹ್ಯಾಂಗ ತಿಳೀಬೇಕ್ರಿ?" ಅದನ್ನು ಮನೆಗೆ ಬಂದು ಹೇಳಿದೆ, ಎಲ್ಲರೂ ನಕ್ಕೆವು. ಅಂದೇ ಹಳೆಯ ಚಪ್ಪಲಿಗಳನ್ನೆಲ್ಲ ಕಸದ ಗಾಡಿಗೆ ಹಾಕಿದೆ. ಡಾಕ್ಟರು ಚಪ್ಪಲಿ ಎಂದಿದ್ದರು, ನಮಗೆ ಚಪ್ಪಲಿಯಷ್ಟೇ ಕೇಳಿಸಿತು.

ಯಾಕೆಂದರೆ ಅಷ್ಟರಲ್ಲಿ ಅವ್ವ ತನ್ನದೇ ಒಂದು ಉಪಾಯ ಮಾಡಿದ್ದಳು. ಕೌದಿಗೆ ಕತ್ತರಿಸಿ ಉಳಿದ ಚಿಂದಿಗಳನ್ನು, ಅಪ್ಪನ ಧೋತರದ ಅಂಚು, ಸೀರೆಯ ಪಟ್ಟಿ ಎಲ್ಲ ಸೇರಿಸಿ, ಹೆಣೆದು ಬಿಗಿಯಾಗಿ ಗಂಟು ಹಾಕಿ, ನೀರಿನಲ್ಲಿ ತೋಯಿಸಿ ಅದರ ಬಾಯಿಗೆ ಕೊಟ್ಟಳು. ಅಬ್ಬಾ, ಏನು ಖುಷಿ ಅದಕ್ಕೆ! ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಹೊಲಿಯುತ್ತ ಕೂತರೆ, ಅದು ಅವಳ ಮೊಣಕಾಲಿಗೆ ಅಂಟಿಕೊಂಡು ಆ ಗಂಟನ್ನು ಕಡಿಯುತ್ತ ಮಲಗುತ್ತಿತ್ತು. ಮನೆ ಶಾಂತವಾಯಿತು. ಮಂಚ ಉಳಿಯಿತು, ಚಪ್ಪಲಿ ಉಳಿದವು. ಟೀಚರ್ ಮಗಳಿಗೆ ಬಾರದ್ದು ಸಾಲೆಯ ಮೆಟ್ಟಿಲು ಹತ್ತದ ಅವ್ವನಿಗೆ ಬಂತು ಎಂದು ನನ್ನ ಗಂಡ ಛೇಡಿಸಿದರು. ನಾನೂ ಒಪ್ಪಿಕೊಂಡೆ.

ಕೌದಿಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ನಮ್ಮವರು ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡುವುದಿಲ್ಲ. ಮೂರು ಮೂಲೆ ಮುಚ್ಚಿ, ಒಳಗಿನ ಸಾಲುಗಳನ್ನೆಲ್ಲ ಹೊಲಿದು, ಕಟ್ಟಕಡೆಗೆ ನಾಲ್ಕನೇ ಮೂಲೆಯಲ್ಲಿ ಒಂದು ತುತ್ತು ಹೋಳಿಗೆ ಇಟ್ಟು ಅದರ ಬಾಯಿ ಮುಚ್ಚುತ್ತಾರೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ. ಹಸಿದ ಕೌದಿಯನ್ನು ಕೂಸಿಗೆ ಹೊದಿಸುವುದಿಲ್ಲ. ಇದೆಲ್ಲ ನಿಜವೋ ಸುಳ್ಳೋ ಎಂದು ಅವ್ವನ ಮುಂದೆ ಕೇಳುವ ಧೈರ್ಯ ನನಗಂತೂ ಇಲ್ಲ.

ಆದರೆ ಈ ಸಲ ಅವಳು ಕ್ರಮ ತಪ್ಪಿಸಿದಳು. ಮೂಲೆ ಮಡಚಿ ಹೊಲಿಯುವುದು ನಾಜೂಕಿನ ಕೆಲಸ, ಕಣ್ಣು ಬೇಕು. ಒಳಗಿನ ನೇರ ಸಾಲುಗಳಿಗೆ ಬೆರಳೇ ಸಾಕು. ಕಣ್ಣಿರುವಾಗಲೇ ಮೂಲೆಗಳನ್ನು ಮುಗಿಸಿಬಿಡುವುದು, ಕತ್ತಲಾದ ಮೇಲೂ ಸಾಲು ಹೊಲಿಯಬಹುದು ಎಂದು ಅವಳ ಲೆಕ್ಕ. ನನ್ನ ಕೈಯಿಂದ ಹೂರಣದ ಹೋಳಿಗೆ ಮಾಡಿಸಿ, ತುಪ್ಪ ಹಾಕಿಸಿ, ಒಂದು ತುತ್ತನ್ನು ನಾಲ್ಕನೇ ಮೂಲೆಯಲ್ಲಿಟ್ಟು ಮುಚ್ಚಿದಳು. ಆ ಮೂಲೆಗೆ ಹಚ್ಚಿದ್ದು ಅಪ್ಪನ ಧೋತರದ ತುಂಡು. "ಆತು," ಎಂದು ಉಸಿರುಬಿಟ್ಟಳು. "ಗಟ್ಟಿ ಕೆಲಸ ಮುಗೀತು. ಇನ್ನ ಸಾಲು ಅಷ್ಟೇ."

ಮರುದಿನ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದೆ. ಬಾಗಿಲಲ್ಲೇ ನಿಂತುಬಿಟ್ಟೆ.

ಪಡಸಾಲೆಯ ನಡುವೆ ಕೌದಿ ಹರಡಿತ್ತು. ಅದರ ಒಂದು ಬದಿಯಲ್ಲಿ ಅವ್ವ ಬಗ್ಗಿ, ಸೂಜಿಯ ತುದಿಗೇ ಕಣ್ಣು ನೆಟ್ಟು, ಸಾಲು ಹಾಕುತ್ತಿದ್ದಳು. ಅವಳ ಮೊಣಕಾಲಿನ ಪಕ್ಕದಲ್ಲೇ ಖೋಡಿ ಕೌದಿಯ ನಾಲ್ಕನೇ ಮೂಲೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು, ಎಳೆದೆಳೆದು ಹರಿಯುತ್ತಿತ್ತು. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದರು. ಅವ್ವ ಹೊಲಿಯುತ್ತಲೇ ಒಂದು ಕೈಯಿಂದ ಅದರ ಬೆನ್ನು ಸವರಿ, "ಕಡಿ, ಕಡಿ, ಶ್ಯಾಣ್ಯಾ ಅದಿ," ಎಂದಳು.

"ಅವ್ವಾ!" ಎಂದು ಚೀರಿದೆ.

"ಯಾಕ? ಯಾಕ ಒದರ್ತಿ? ತನ್ನ ಗಂಟು ಕಡೀಲತ್ತದ ಅದು."

ಅವಳಿಗೆ ಕಂಡಿರಲಿಲ್ಲ. ಒಂದು ಮೊಳ ದೂರದಲ್ಲಿ ನಡೆಯುತ್ತಿದ್ದದ್ದು ಅವಳ ಕೊಳವೆಯ ಹೊರಗಿತ್ತು. ಅದು ಗಂಟು ಕಡಿಯುವ ಸದ್ದೇ ಎಂದು ತಿಳಿದು ಮಧ್ಯಾಹ್ನದಿಂದ ಹೊಲಿಯುತ್ತಿದ್ದಳಂತೆ. ನಾನು ಬ್ಯಾಗು ಎಸೆದು ಅದರ ಬಾಯಿಂದ ಬಟ್ಟೆ ಕಿತ್ತುಕೊಂಡೆ. ಹೊಡೆಯಲು ಕೈ ಎತ್ತಿದೆ. ಅದು ಬಾಲ ಅಲ್ಲಾಡಿಸಿತು. ಏನು ತಪ್ಪು ಮಾಡಿದ್ದೇನೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅದೇ ಧೋತರ, ಅದೇ ಸೀರೆ, ಅದೇ ಕೈಯ ವಾಸನೆ, ಮೇಲೆ ತುಪ್ಪದ ಹೋಳಿಗೆ. ನಾವೇ ಕಲಿಸಿದ ಪಾಠವನ್ನು ಅದು ಒಪ್ಪಿಸುತ್ತಿತ್ತು. ಎತ್ತಿದ ಕೈಯಿಂದ ನನ್ನ ಹಣೆಯನ್ನೇ ಹೊಡೆದುಕೊಂಡೆ.

ಅವ್ವ ಕೈ ಚಾಚಿ ಕೌದಿಯನ್ನು ಎಳೆದುಕೊಂಡಳು. ಬೆರಳುಗಳು ಅಂಚು ಹಿಡಿದು ಒಂದು ಮೂಲೆ, ಎರಡನೆಯದು, ಮೂರನೆಯದು ದಾಟಿ ಬಂದವು. ನಾಲ್ಕನೆಯದರ ಹತ್ತಿರ ಬಂದಾಗ ಹಿಡಿಯಲು ಅಂಚೇ ಇರಲಿಲ್ಲ. ತೋಯ್ದ ಎಳೆಗಳು ಕೈಗೆ ಹತ್ತಿದವು. ಅವಳು ಬಯ್ಯುತ್ತಾಳೆ, ಅಳುತ್ತಾಳೆ ಎಂದು ಕಾದೆ. "ತುತ್ತು ತಿಂದದೇನು?" ಎಂದು ಕೇಳಿದಳು.

"ತಿಂದದ."

"ನಿಮ್ಮಪ್ಪನ ಧೋತರ?"

ಆ ಮೂಲೆಯಲ್ಲಿ ಒಂದು ಅಂಗೈಯಷ್ಟೂ ಧೋತರ ಉಳಿದಿರಲಿಲ್ಲ.

ಭಾನುವಾರ ಅವಳು ಮತ್ತೆ ಕೂತಳು. ಟ್ರಂಕಿನ ತಳದಿಂದ ಒಂದು ತುಂಡು ಹುಡುಕಿ ತೆಗೆದು, ಹರಿದ ಮೂಲೆಗೆ ಹಚ್ಚುತ್ತೇನೆ ಎಂದಳು. ನಾನು ಹಚ್ಚುತ್ತೇನೆ ಎಂದರೆ ಕೇಳಲಿಲ್ಲ. "ನೀ ಗುಂಡಿ ಹಚ್ಚಿದ್ರ ಅಂಗಿಗಿ ಜ್ವರ ಬರ್ತಾವ," ಎಂದಳು. ಅದು ಖರೇ. ದಾರ ಮಾತ್ರ ಪೋಣಿಸಿ ಕೊಟ್ಟೆ. ನಾಯಿಯನ್ನು ಹಿತ್ತಲಿಗೆ ಕಟ್ಟಿ, ಅದು ಅಳುವುದನ್ನು ಕೇಳುತ್ತ ಅಡುಗೆಯ ಜೊತೆ ಮತ್ತೆ ಹೋಳಿಗೆಯನ್ನೂ ಮಾಡಿದೆ. ಅವ್ವ ಊಟಕ್ಕೂ ಏಳಲಿಲ್ಲ. ಕೌದಿಯ ಮೂಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಮುಖ ಅದರೊಳಗೇ ಇಟ್ಟು ಹೊಲಿದಳು. ನಡುನಡುವೆ ಸೂಜಿ ಬೆರಳಿಗೆ ಚುಚ್ಚಿ "ಸ್" ಎನ್ನುವುದು ಕೇಳುತ್ತಿತ್ತು.

ಹೊತ್ತು ಮುಳುಗುವಾಗ ದಾರ ಕಡಿದು, "ಆತು ನೋಡು. ಹೋಳಿಗಿ ತಾ, ಇನ್ನ ಬಾಯಿ ಮುಚ್ಚೂದೊಂದೇ ಉಳದದ," ಎಂದು ಗೋಡೆ ಹಿಡಿದು ಎದ್ದಳು.

ಅವಳ ಜೊತೆ ಕೌದಿಯೂ ಎದ್ದಿತು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಎಲ್ಲೋ ಸಿಕ್ಕಿಕೊಂಡಿದೆಯೆಂದು ಕೊಡವಿದಳು. ಕೌದಿ ತೊಡೆಯಿಂದ ಜೋತುಬಿದ್ದಿತ್ತು. ಕೈಯಿಂದ ಮುಟ್ಟಿ ನೋಡಿದಳು. ಬೆಳಗಿನಿಂದ ಹೊಲಿದದ್ದೆಲ್ಲ ಉಟ್ಟ ಸೀರೆಗೆ ಸೇರಿ ಹೊಲಿಗೆಯಾಗಿತ್ತು. ಸೂಜಿಯ ತುದಿ ಕಂಡಿತ್ತು, ಅದರ ಕೆಳಗೆ ಏನಿದೆ ಎಂಬುದು ಕಂಡಿರಲಿಲ್ಲ.

ಮೆಲ್ಲಗೆ ಮತ್ತೆ ಕೂತಳು. "ಕತ್ತರಿ ತಾ," ಎಂದಳು.

"ಹೊಲಿಗಿ ಬಿಚ್ಚತೇನವ್ವ. ಮತ್ತ ಹೊಲೀಬಹುದು."

"ಬ್ಯಾಡ. ಕತ್ತರಸು. ಸೀರಿ ಹೋದ್ರ ಹೋಗಲಿ."

ನಾನು ಅವಳ ತೊಡೆಯ ಬಳಿ ಕೂತು, ಸೀರೆಯನ್ನು ಹೊಲಿಗೆಯ ಸುತ್ತ ಕತ್ತರಿಸಿದೆ. ಅವಳ ಹಸಿರು ಸೀರೆಯ ಒಂದು ತುಂಡು ಕೌದಿಯ ಜೊತೆಗೇ ಬಂತು. ಅವಳು ಗೋಡೆಯ ಕಡೆ ಮುಖ ಮಾಡಿದ್ದಳು.

"ಹೊಲಿಗಿಯಾದ್ರೂ ಸೀದಾ ಬಂದದೇನು?" ಎಂದು ಕೇಳಿದಳು.

ದೀಪದ ಕೆಳಗೆ ಹಿಡಿದು ನೋಡಿದೆ. "ಸೀದಾ ಬಂದದವ್ವ," ಎಂದೆ. ಸುಳ್ಳಲ್ಲ. ಇಡೀ ಕೌದಿಯಲ್ಲಿ ಅಷ್ಟು ನೆಟ್ಟಗಿನ ಸಾಲು ಇನ್ನೊಂದಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಸದ್ದಿಲ್ಲದೆ ಅತ್ತೆ. ಅವಳು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿ, ಹೊಲಿಗೆಯ ಡಬ್ಬಿ ಮುಚ್ಚಿ ನನ್ನ ಕಡೆ ತಳ್ಳಿದಳು.

ಮಗಳು ಹೆರಿಗೆಗೆ ಬಂದಳು, ಹೆಣ್ಣು ಕೂಸು. ಅದು ಅಂಗಡಿಯಿಂದ ತಂದ ಕರಡಿ ಚಿತ್ರದ ಬ್ಲಾಂಕೆಟ್ಟಿನಲ್ಲಿ ಮಲಗಿ ಬೆಳೆದು ಔರಾದಿಗೆ ಹೋಯಿತು. ನಾಯಿ ಇಲ್ಲೇ ಉಳಿಯಿತು. ಕೂಸಿರುವ ಮನೆಯಲ್ಲಿ ಬೇಡವೆಂದು ಮಗಳೂ ಅಳಿಯನೂ ಹೇಳಿದರು. ಕೌದಿ ಟ್ರಂಕಿನಲ್ಲಿದೆ, ಹಸಿರು ತುಂಡಿನ ಸಮೇತ, ನಾಲ್ಕನೇ ಮೂಲೆಯ ಬಾಯಿ ಮುಚ್ಚದೆಯೇ. "ಹಸದ ಕೌದಿ ಕೂಸಿನ ಮೈಮ್ಯಾಲ ಹಾಕಬ್ಯಾಡ್ರಿ," ಎಂದು ಅವ್ವ ಒಂದೇ ಮಾತು ಹೇಳಿದ್ದಳು. ಕೂಸಿನ ಮುಖವನ್ನು ಅವಳು ಬೆರಳಿನಿಂದಷ್ಟೇ ನೋಡಿದಳು. ಅಷ್ಟರಲ್ಲಿ ಆ ಕೊಳವೆ ಮುಚ್ಚಿತ್ತು.

ಡಾಕ್ಟರು ಹೇಳಿದಂತೆಯೇ ಆಯಿತು. ಖೋಡಿ ಈಗ ಏನನ್ನೂ ಕಡಿಯುವುದಿಲ್ಲ. ಚಪ್ಪಲಿ ಬಾಗಿಲಲ್ಲೇ ಬಿದ್ದಿರುತ್ತವೆ, ಎಡಗಾಲಿನದೂ. ಮಧ್ಯಾಹ್ನ ಅವ್ವ ಗೋಡೆಗೆ ಒರಗಿ ಕೂತರೆ ಅದು ಆ ಹಳೆಯ ಗಂಟನ್ನು ಕಚ್ಚಿ ತಂದು ಅವಳ ಮೊಣಕಾಲಿನ ಬಳಿ ಹಾಕಿ, ಪಕ್ಕದಲ್ಲಿ ಮಲಗುತ್ತದೆ. ಮೊನ್ನೆ ರಜೆಯ ದಿನ ನಾನು ಮನೆಯಲ್ಲಿದ್ದೆ. ಅವ್ವ ಕಿವಿಗೊಟ್ಟು ಕೇಳಿ, "ಏನ್ ಕಡೀಲತ್ತದ ಅದು?" ಎಂದಳು.

"ಏನೂ ಇಲ್ಲವ್ವ. ಸುಮ್ಮನ ಮಲಗ್ಯದ."

ಅವಳು ಗಂಟನ್ನು ತಡಕಿ ಹುಡುಕಿ, ಅದರ ಬಾಯಿಯ ಹತ್ತಿರ ಒಯ್ದು ಹಿಡಿದಳು. "ಕಡಿ ಖೋಡಿ, ಕಡಿ," ಎಂದಳು. "ಇನ್ನ ಯಾವದು ಉಳಸಬೇಕಾಗೇದ?"

ಅದು ಮೂಸಿ ನೋಡಿತು. ಅವಳ ಬೆರಳು ನೆಕ್ಕಿತು. ಕಡಿಯಲಿಲ್ಲ. ಅದಕ್ಕೆ ಹಲ್ಲು ಎಲ್ಲಾ ಬಂದಿದ್ದವು.